ಬೆಟ್ಟದ ಹೊಟ್ಟೆಯ ನೀರು

ಬೆಟ್ಟದ ಹೊಟ್ಟೆ ತುಂಬುತ್ತಿದೆ ಎಂಬುದು ಸಾವೊ ಬ್ರಾಸ್ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕಲ್ಲಿದ್ದಲು ಗಣಿ ನಡೆಯುತ್ತಿದ್ದಷ್ಟು ಕಾಲ ಪಂಪುಗಳು ಬಿಡುವಿಲ್ಲದೆ ನೀರೆತ್ತಿ ಹೊರಗೆ ಚೆಲ್ಲುತ್ತಿದ್ದವು. ಗಣಿ ಮುಚ್ಚಿದ ದಿನ ಪಂಪುಗಳ ಸದ್ದೂ ನಿಂತಿತು. ಆ ಮೌನಕ್ಕೆ ಒಗ್ಗಿಕೊಳ್ಳಲಾಗದೆ ಎಷ್ಟೋ ಮನೆಗಳಲ್ಲಿ ಜನ ನಿದ್ದೆಗೆಟ್ಟರು. ಅಂದಿನಿಂದ, ಅಜ್ಜಂದಿರ ಕಾಲದಿಂದ ಕಡಿದು ಬರಿದು ಮಾಡಿದ್ದ ಸುರಂಗಗಳಲ್ಲಿ ನೀರು ತನ್ನ ಪಾಡಿಗೆ ತಾನು ಏರತೊಡಗಿತು. ಎಷ್ಟು ಏರಿತು ಎಂದು ನೋಡುತ್ತಿರುವುದು ವಾಲ್ಮೋರನ ಕೆಲಸ.

ವಾಲ್ಮೋರ್ ಮೊದಲು ಅದೇ ಗಣಿಯಲ್ಲಿ ಅಳತೆಗಾರರ ಕೈಕೆಳಗೆ ದುಡಿದವನು. ಆಮೇಲೆ ಅಂತರ್ಜಲದ ಕಚೇರಿ ಅವನನ್ನು ಇಟ್ಟುಕೊಂಡಿತು. ಬೆಟ್ಟದುದ್ದಕ್ಕೂ ಅಲ್ಲಲ್ಲಿ ಕೊರೆದು ನಿಲ್ಲಿಸಿದ್ದ ಕಬ್ಬಿಣದ ಕೊಳವೆಗಳೊಳಕ್ಕೆ ವಾರಕ್ಕೊಮ್ಮೆ ಅಳತೆಪಟ್ಟಿ ಇಳಿಬಿಡಬೇಕು. ಪಟ್ಟಿಯ ತುದಿ ನೀರಿಗೆ ತಾಗಿದರೆ ಪೀಪಿಯಂತೆ ಕೂಗುತ್ತದೆ. ಆಗ ಅಂಕಿ ಓದಿಕೊಂಡು ಮುಂದಿನ ಕೊಳವೆಗೆ ನಡೆಯಬೇಕು. ಹೆಂಡತಿ ತೀರಿಕೊಂಡು ಮಗಳೂ ಮದುವೆಯಾಗಿ ಹೋದ ಮೇಲೆ ಅವನಿಗೆ ಈ ಕೆಲಸವೇ ಜೊತೆಗಾರನಾಗಿತ್ತು. ಐವತ್ತು ದಾಟಿದ್ದರೂ ಗುಡ್ಡ ಹತ್ತುವಾಗ ಏದುಸಿರು ಬರುತ್ತಿರಲಿಲ್ಲ.

ನಗರದ ಕಚೇರಿಯಲ್ಲಿ ಕೂತ ಇಂಜಿನಿಯರ್ ಮಿರಿಯಾಂ, ವಾಲ್ಮೋರ್ ಕಳಿಸಿದ ಅಂಕಿಗಳನ್ನೆಲ್ಲ ಜೋಡಿಸಿ ಲೆಕ್ಕ ಹಾಕಿದಳು. ಬೆಟ್ಟದ ಹೊಟ್ಟೆಗೆ ಇರುವ ಬಾಯಿಗಳಲ್ಲಿ ಎಲ್ಲಕ್ಕಿಂತ ತಗ್ಗಿನದು ಹಳೆಯ ಗಾಳಿಬಾವಿ, ಅಂದರೆ ಸುರಂಗಕ್ಕೆ ಉಸಿರಾಡಲೆಂದು ಬಿಟ್ಟಿದ್ದ ಕಂಡಿ. ನೀರು ಹೊರಬಂದರೆ ಅಲ್ಲಿಂದಲೇ ಬರಬೇಕು. ಬರುವ ನೀರಾದರೂ ಎಂಥದು? ಕಬ್ಬಿಣದ ಕಿಲುಬಿನಂತೆ ಕೆಂಪು, ಹುಳಿ, ಹುಲ್ಲನ್ನೂ ಸುಡುವಂಥದು. ಆ ಗಾಳಿಬಾವಿಯ ಕೆಳಗೆ, ಇಳಿಜಾರಿನಲ್ಲಿ ಒಂದೇ ಒಂದು ಮನೆ. ಅಕಿಲೆಸ್ ಮತ್ತು ಅವನ ಹೆಂಡತಿ ಜೆನೈದೆಯ ಮನೆ.

ಹೇಳುವ ಕೆಲಸ ವಾಲ್ಮೋರನ ತಲೆಗೆ ಬಂತು. ಊರವನು ಹೇಳಿದರೆ ಒಳ್ಳೆಯದು ಎಂದಳು ಮಿರಿಯಾಂ.

ಅಕಿಲೆಸ್ ಅವನಿಗೆ ಬರಿಯ ಊರವನಲ್ಲ. ಮೊದಲ ದಿನ ಸುರಂಗಕ್ಕೆ ಇಳಿದಾಗ ಕತ್ತಲಿಗೆ ಹೆದರಿ ನಿಂತಿದ್ದ ವಾಲ್ಮೋರನ ತೋಳು ಹಿಡಿದು ನಡೆಸಿದ್ದವನು ಅವನೇ. ಈಗ ಕಲ್ಲಿದ್ದಲ ಧೂಳು ಶ್ವಾಸಕೋಶದಲ್ಲಿ ಗಟ್ಟಿಕಟ್ಟಿ, ಅಡುಗೆಮನೆಯಿಂದ ಅಂಗಳಕ್ಕೆ ಬರುವುದರೊಳಗೆ ಎರಡು ಸಲ ಕೂರುತ್ತಿದ್ದ. ಗೂಡುಗಳಲ್ಲಿ ಹಾಡುವ ಹಕ್ಕಿಗಳನ್ನು ಸಾಕಿಕೊಂಡು, ಸೀಬೆಮರದ ಕೆಳಗೆ ಕೂತು ಅವುಗಳೊಂದಿಗೆ ಮಾತಾಡುವುದೇ ಅವನ ದಿನಚರಿ.

ಜೆನೈದೆ ಸೋರೆಬುರುಡೆಗೆ ಶಿಮರಾಂವ್ ಕಷಾಯದ ಸೊಪ್ಪು ತುಂಬಿ, ಬಿಸಿನೀರು ಹೊಯ್ದು ವಾಲ್ಮೋರನ ಕೈಗೆ ಕೊಟ್ಟಳು. ಅವನು ಬುರುಡೆಗೆ ಸಿಕ್ಕಿಸಿದ ಕೊಳವೆಯಿಂದ ಒಂದು ಗುಟುಕು ಹೀರಿ, ಮಾತು ಎಲ್ಲಿಂದ ಎತ್ತಬೇಕೆಂದು ತಿಳಿಯದೆ ಇನ್ನೊಂದು, ಮತ್ತೊಂದು ಗುಟುಕು ಹೀರುತ್ತ ಹೋದ.

"ಬುರುಡೆ ಖಾಲಿ ಆಯ್ತು ಕಣಯ್ಯ, ಬರೀ ಗಾಳಿ ಎಳೀತಿದೀಯ," ಎಂದಳು ಜೆನೈದೆ. "ಏನ್ ಹೇಳಕ್ಕೆ ಬಂದೆ, ಹೇಳು."

ಹೇಳಿದ. ಬರುವ ಬೇಸಿಗೆಯ ಮಳೆಗೆ ನೀರು ಗಾಳಿಬಾವಿಯ ಬಾಯಿಗೆ ಬರುತ್ತದೆ, ಇಳಿಜಾರು ಕುಸಿಯಬಹುದು, ಬಾವಿ ಕೆಡುತ್ತದೆ, ಕಚೇರಿಯವರು ಪೇಟೆಯಲ್ಲಿ ಬಾಡಿಗೆ ಮನೆ ಮಾಡಿಕೊಡುತ್ತಾರೆ ಎಂದ.

"ಅಲ್ಲ ವಾಲ್ಮೋರಾ," ಎಂದ ಅಕಿಲೆಸ್, ಪ್ರತಿ ಮಾತಿಗೂ ಉಸಿರು ಹುಡುಕುತ್ತ, "ನಾನು ಈ ಮನೇಲಿ... ಇನ್ನೆಷ್ಟು ದಿನ ಇರ್ತೀನಿ. ನಾನು ಹೋದ್ಮೇಲೆ ಬರ್ಲಿ ಅಂತ... ನಿನ್ನ ನೀರಿಗೆ ಹೇಳಕ್ಕಾಗಲ್ವಾ?"

"ಅಕಿಲೆಸಣ್ಣ, ತಮಾಷೆ ಅಲ್ಲ."

"ಖಚಿತವಾಗಿ ಹೇಳ್ತಿದೀಯಾ?" ಕೇಳಿದವಳು ಜೆನೈದೆ. ಅವಳು ನಗುತ್ತಿರಲಿಲ್ಲ.

"ಖಚಿತ," ಎಂದ ವಾಲ್ಮೋರ್. ಅನುಮಾನದ ಮಾತಾಡಿದರೆ ಇವರು ಏಳುವುದಿಲ್ಲ, ಏಳದಿದ್ದರೆ ಇಳಿಜಾರು ಇವರ ಮೇಲೆ ಬೀಳುತ್ತದೆ ಎಂಬುದಷ್ಟೇ ಆಗ ಅವನ ತಲೆಯಲ್ಲಿದ್ದದ್ದು.

ಅವರು ಹೊರಟರು. ಪೇಟೆಯ ಬಾಡಿಗೆ ಮನೆ ಬಸ್ ನಿಲ್ದಾಣದ ಹಿಂದೆ ಇತ್ತು. ಅಂಗಳವೆಂಬುದು ಸಿಮೆಂಟಿನ ಒಂದು ತುಂಡು. ಹಕ್ಕಿಗಳನ್ನು ಅಕಿಲೆಸ್ ಹೊರಡುವ ಮುಂಚೆಯೇ ಗೂಡು ತೆರೆದು ಹಾರಿಬಿಟ್ಟಿದ್ದ. ಬಸ್ಸುಗಳ ಹೊಗೆಯಲ್ಲಿ ಅವು ಬದುಕುವುದಿಲ್ಲ ಎಂದಿದ್ದ. ತನ್ನ ಬಗ್ಗೆ ಏನೂ ಅಂದಿರಲಿಲ್ಲ.

ಆ ಸೀಮೆಯಲ್ಲಿ ದೊಡ್ಡ ಮಳೆ ಬೇಸಿಗೆಯಲ್ಲೇ. ಬೇಸಿಗೆ ಬಂತು, ಮಳೆ ಸುರಿಯಿತು. ನೀರು ಬರಲಿಲ್ಲ. ಏರುತ್ತಿತ್ತು ನಿಜ, ಆದರೆ ಲೆಕ್ಕದಷ್ಟು ಬೇಗ ಅಲ್ಲ. ಮಿರಿಯಾಂ ಮತ್ತೆ ಲೆಕ್ಕ ಹಾಕಿ ಮುಂದಿನ ವರ್ಷ ಎಂದಳು. ಚೆಂಡು ಉರುಳಿಸುವ ಬೋಚ್ಚಾ ಆಟದ ಕ್ಲಬ್ಬಿನಲ್ಲಿ ಜನ ವಾಲ್ಮೋರನನ್ನು, ಬೈಬಲಿನಲ್ಲಿ ಪ್ರಳಯಕ್ಕೆಂದು ಹಡಗು ಕಟ್ಟಿದವನ ಹೆಸರು ಹಿಡಿದು, ನೋಹ ಎಂದು ಕರೆಯತೊಡಗಿದರು.

"ಏನ್ ನೋಹ, ಹಡಗಿಗೆ ಮೊಳೆ ಹೊಡೆದಾಯ್ತಾ?"

"ಅವನ ನೀರು ಇನ್ನೂ ಬಸ್ ಹತ್ತಿಲ್ಲ ಕಣ್ರೋ. ಟಿಕೇಟ್ ಸಿಕ್ಕಿಲ್ವಂತೆ."

ವಾಲ್ಮೋರ್ ನಕ್ಕು ಕಬ್ಬಿನ ಸಾರಾಯಿ ಕಶಾಸದ ಲೋಟ ಎತ್ತುತ್ತಿದ್ದ. ನಗೆಯೇನೋ ಬರುತ್ತಿತ್ತು, ಮಾತು ಮಾತ್ರ ಒಳಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಆ ಚಳಿಗಾಲದಲ್ಲಿ ಅಕಿಲೆಸ್ ಪೇಟೆಯ ಮನೆಯಲ್ಲೇ ತೀರಿಕೊಂಡ. ಕೊನೆಯ ದಿನಗಳಲ್ಲಿ ಸೀಬೆಮರದ ಕೆಳಗೆ ಒಂದು ಗಳಿಗೆ ಕೂರಿಸಿ ಕರೆತನ್ನಿ ಎಂದು ಕೇಳಿದ್ದನಂತೆ. ಆಮ್ಲಜನಕದ ಕೊಳವೆ ಬಿಚ್ಚುವಂತಿಲ್ಲ ಎಂದು ಡಾಕ್ಟರು ಒಪ್ಪಲಿಲ್ಲ. ಇಗರ್ಜಿಯ ಬಾಗಿಲಲ್ಲಿ ವಾಲ್ಮೋರ್ ಕೈ ಚಾಚಿದಾಗ ಜೆನೈದೆ ಆ ಕೈಯನ್ನು ನೋಡಿದಳು, ಮುಟ್ಟಲಿಲ್ಲ.

"ಬಂತಾ ನಿನ್ನ ನೀರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಅದಾದ ಮೇಲೆ ಪೇಟೆಯಲ್ಲಿ ಎದುರಾದರೆ ಅವನೇ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ.

ವಾಲ್ಮೋರನಿಗೆ ಒಬ್ಬಳೇ ತಂಗಿ, ಇರಾಸಿ. ಅವಳ ಗಂಡ ಒಸ್ನಿಲ್ದೊ ಕಣಿವೆಯ ತಳದಲ್ಲಿ, ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಬಾಳೆ ಬೆಳೆಯುತ್ತಿದ್ದ. ಒರಟು ಮಾತಿನ, ಕೈತುಂಬ ಕೆಲಸ ಮಾಡುವ ಮನುಷ್ಯ. ಭಾನುವಾರ ಪೂಜೆ ಮುಗಿಸಿ ವಾಲ್ಮೋರ್ ಅಲ್ಲೇ ಊಟಕ್ಕೆ ಹೋಗುತ್ತಿದ್ದ. ಅಂಥ ಒಂದು ಭಾನುವಾರ ಮೆಕ್ಕೆಜೋಳದ ಪೊಲೆಂತ ಮುದ್ದೆಯನ್ನು ದಾರದಲ್ಲಿ ಕೊಯ್ದು ಬಡಿಸುತ್ತಿದ್ದ ಇರಾಸಿ, "ನಿನ್ ಭಾವಮೈದುನಂಗೆ ಹೊಸ ಹುಚ್ಚು ಹಿಡಿದಿದೆ ಅಣ್ಣ," ಎಂದಳು. "ಬಾಳೆ ಕಿತ್ತು ಕೊಳ ತೋಡ್ತಾನಂತೆ. ಮೀನು ಸಾಕ್ತಾನಂತೆ."

"ತಿಲಾಪಿಯಾ," ಎಂದ ಒಸ್ನಿಲ್ದೊ. "ಬಾಳೆ ಬೆಲೆ ನೆಚ್ಕೊಂಡ್ರೆ ಗೊನೆ ಜೊತೆ ನಾನೂ ನೇತಾಡ್ಬೇಕು. ಭಾವ, ಒಂದ್ ಮಾತ್ ಹೇಳು. ನಿನ್ನ ಆ ಹಾಳು ನೀರು ಈ ಕಡೆಗೇನಾದ್ರೂ ಬರುತ್ತಾ?"

"ಈ ಕಡೆಗಾ? ಇಲ್ಲಿ ಗಣಿ ಬಾಯೇ ಇಲ್ವಲ್ಲ."

"ಅದಕ್ಕೇ ಕೇಳ್ದೆ. ಬರಲ್ಲ ಅಲ್ವಾ?"

ಅಷ್ಟು ದಿನ ನೋಹ ಎನಿಸಿಕೊಂಡು ದಣಿದಿದ್ದ ವಾಲ್ಮೋರನಿಗೆ, ನೀರು ಬರುವುದಿಲ್ಲ ಎಂದು ಹೇಳುವುದೇ ಒಂದು ಸುಖ ಅನ್ನಿಸಿತು. "ಬರಲ್ಲ. ಧೈರ್ಯವಾಗಿ ತೋಡು," ಎಂದ. ಒಸ್ನಿಲ್ದೊ ಖುಷಿಯಾಗಿ ಅವನ ತಟ್ಟೆಗೆ ಇನ್ನೊಂದು ಸಾಸೇಜ್ ಹಾಕಿದ.

ಯಂತ್ರ ಬಂದು ಜೇಡಿಮಣ್ಣು ತೋಡಿತು, ಕೊಳ ಆಯಿತು. ತೊರೆಯ ನೀರು ತುಂಬಿಸಿ ಮರಿಮೀನು ಬಿಟ್ಟರು. ಸಂಜೆ ಕಾಳು ಎರಚಿದರೆ ಕೊಳದ ಮೈಯೆಲ್ಲ ಕುದಿಯುವ ಎಸರಿನಂತೆ ಆಗುತ್ತಿತ್ತು. ಒಸ್ನಿಲ್ದೊ ನೆಂಟರನ್ನೆಲ್ಲ ಕರೆತಂದು ತೋರಿಸಿದ.

ಮತ್ತೆ ಬೇಸಿಗೆಯ ಮಳೆ. ಈ ಸಲ ವಾರಗಟ್ಟಲೆ ಬಿಡಲಿಲ್ಲ. ವಾಲ್ಮೋರ್ ಕೆಸರು ತುಳಿದುಕೊಂಡು ಕೊಳವೆಯಿಂದ ಕೊಳವೆಗೆ ನಡೆದು ಪಟ್ಟಿ ಇಳಿಬಿಟ್ಟ. ಅಷ್ಟು ಮಳೆಗೆ ನೀರು ದಡದಡನೆ ಏರಬೇಕಿತ್ತು, ಆದರೆ ಹೋದ ವಾರ ಇದ್ದಲ್ಲೇ ಇತ್ತು. ಮುಂದಿನ ವಾರ ಸ್ವಲ್ಪ ಇಳಿದೂ ಇತ್ತು. ಪಟ್ಟಿ ಕೆಟ್ಟಿರಬೇಕೆಂದು ಬಕೆಟ್ಟಿನ ನೀರಿಗೆ ಅದ್ದಿ ನೋಡಿದ. ಕೂಗಿತು. ಆಗ ಅವನಿಗೆ ಹೊಳೆಯಿತು. ಬೆಟ್ಟ ಎಲ್ಲೋ ಒಂದು ಕಡೆ ಬಾಯಿ ಬಿಟ್ಟಿದೆ. ಗಾಳಿಬಾವಿಗೆ ಓಡಿ ನೋಡಿದರೆ ಅಲ್ಲಿ ಒಣ ಎಲೆ, ಒಂದು ಹಲ್ಲಿ.

ಗುಡ್ಡ ಇಳಿಯುವಾಗ ಇರಾಸಿಯ ಫೋನ್ ಬಂತು.

"ಅಣ್ಣ, ಬಾ," ಎಂದಳು. "ಮೀನೆಲ್ಲ ಮೇಲೆ ಬಂದಿದಾವೆ."

ಕೊಳದ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಂಚಿನಿಂದ ಅಂಚಿಗೆ ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡ ಮೀನುಗಳು. ಒಸ್ನಿಲ್ದೊ ಮೊಣಕಾಲುದ್ದ ನೀರಿನಲ್ಲಿ ನಿಂತು ಬುಟ್ಟಿಯಲ್ಲಿ ಗೋರಿ ಗೋರಿ ದಡಕ್ಕೆ ಹಾಕುತ್ತಿದ್ದ. ವಾಲ್ಮೋರನನ್ನು ಕಂಡು ಒಂದು ಗಳಿಗೆ ನಿಲ್ಲಿಸಿದ.

"ಧೈರ್ಯವಾಗಿ ತೋಡು ಅಂದಿದ್ದೆ," ಎಂದ. ದನಿ ಏರಿಸಲಿಲ್ಲ. ಮತ್ತೆ ಬಗ್ಗಿ ಗೋರತೊಡಗಿದ.

ವಾಲ್ಮೋರ್ ಪ್ಯಾಂಟು ಮಡಚಿ ನೀರಿಗೆ ಇಳಿದ. ಯಾರೂ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮಧ್ಯಾಹ್ನದ ತನಕ ಇಬ್ಬರೂ ಸತ್ತ ಮೀನು ಹೊತ್ತರು, ಗುಂಡಿ ತೋಡಿ ಮುಚ್ಚಿದರು. ನೀರಿನ ಹುಳಿಗೆ ವಾಲ್ಮೋರನ ಬೆರಳ ಸಂದಿಗಳು ಉರಿಯುತ್ತಿದ್ದವು.

ಮಿರಿಯಾಂ ಮರುದಿನವೇ ಬಂದಳು. ಕೊಳ ಬರಿದು ಮಾಡಿ ನೋಡಿದಾಗ, ತಳದಲ್ಲಿ ತುಕ್ಕು ಹಿಡಿದ ಒಂದು ಹಳೆಯ ಕೊಳವೆಯ ಬಾಯಿ ಸಿಕ್ಕಿತು. ಗಣಿ ಶುರುವಾಗುವುದಕ್ಕೂ ಮುಂಚೆ ಯಾರೋ ಕಲ್ಲಿದ್ದಲು ಹುಡುಕಲು ಕೊರೆದು, ಮುಚ್ಚದೆ ಬಿಟ್ಟು ಹೋದದ್ದು. ಯಾವ ನಕ್ಷೆಯಲ್ಲೂ ಇರಲಿಲ್ಲ. ಇಷ್ಟು ವರ್ಷ ಜೇಡಿಮಣ್ಣು ಅದರ ಬಾಯಿಗೆ ಬೆಣೆಯಾಗಿತ್ತು. ಕೊಳ ತೋಡಿದ ಯಂತ್ರ ಆ ಬೆಣೆಯನ್ನು ಕಿತ್ತಿತ್ತು.

"ಇದು ನನ್ನ ಲೆಕ್ಕದ ತಪ್ಪೂ ಹೌದು," ಎಂದಳು ಮಿರಿಯಾಂ, ಒಸ್ನಿಲ್ದೊನ ಮುಖ ನೋಡಿಯೇ. "ಮಣ್ಣಿನೊಳಗೆ ಇದು ಮೊದಲಿಂದಲೂ ಸ್ವಲ್ಪ ಜಿನುಗ್ತಾ ಇತ್ತು ಅನ್ಸುತ್ತೆ. ಅದಕ್ಕೇ ನೀರು ನಿಧಾನವಾಗಿ ಏರ್ತಿತ್ತು. ನಾವು ಹಿಡೀಲಿಲ್ಲ."

"ಆಯ್ತಮ್ಮ. ಈಗ ಸಿಮೆಂಟ್ ತುಂಬಿ ಮುಚ್ಚಿ."

ಮಿರಿಯಾಂ ವಾಲ್ಮೋರನ ಕಡೆ ನೋಡಿದಳು. ಅವನಿಗೆ ಆಗಲೇ ಗೊತ್ತಾಗಿತ್ತು. ಇಲ್ಲಿ ಮುಚ್ಚಿದರೆ ನೀರು ಮತ್ತೆ ಏರಿ, ಮುಂದಿನ ತಗ್ಗಿನ ಬಾಯಿಗೆ ಹೋಗುತ್ತದೆ. ಅಂದರೆ ಗಾಳಿಬಾವಿಗೆ, ಜೆನೈದೆಯ ಮನೆಯ ಮೇಲಕ್ಕೆ. ಮುಚ್ಚದೆ ಬಿಟ್ಟರೆ ಇಲ್ಲೇ ಹರಿಯುತ್ತದೆ. ಆಗ ಕೊಳ ಹೋಗುತ್ತದೆ, ಸುತ್ತಲಿನ ಬಾಳೆಯೂ ಅಷ್ಟಿಷ್ಟು ಹೋಗುತ್ತದೆ. ಎರಡರಲ್ಲಿ ಎಲ್ಲಿಯೇ ಬಂದರೂ ಅಲ್ಲಿ ಸುಣ್ಣಕಲ್ಲಿನ ಕಾಲುವೆ, ಕೆಸರು ಇಳಿಯುವ ಹೊಂಡಗಳನ್ನು ಕಟ್ಟಿ, ನೀರು ತೊಳೆದು ಹೊಳೆಗೆ ಬಿಡಬೇಕು. ಎರಡೂ ಕಡೆ ಆಗುವ ಕೆಲಸವೇ. ಜಮೀನಿನವರು ಒಪ್ಪಬೇಕು. ಮುಂದಿನ ವಾರ ಇಗರ್ಜಿಯ ಸಭಾಂಗಣದಲ್ಲಿ ಕೂತು ತೀರ್ಮಾನಿಸೋಣ ಎಂದು ಹೇಳಿ ಮಿರಿಯಾಂ ಹೋದಳು.

"ಇದರಲ್ಲಿ ತೀರ್ಮಾನ ಏನಿದೆ?" ಎಂದ ಒಸ್ನಿಲ್ದೊ. "ಅಲ್ಲಿ ಖಾಲಿ ಮನೆ. ಎರಡು ವರ್ಷದಿಂದ ಬೀಗ. ಇಷ್ಟೊತ್ತಿಗೆ ಸೂರೂ ಕುಸಿದಿರುತ್ತೆ. ಇಲ್ಲಿ ಬದುಕೋ ಸಂಸಾರ. ನೀನೇ ಸಭೇಲಿ ಎದ್ದು ಹೇಳ್ಬೇಕು, ಭಾವ. ನೀನು ನನಗೆ ಅಷ್ಟು ಋಣ ತೀರಿಸ್ಬೇಕು."

ವಾಲ್ಮೋರನಿಗೆ ಇಕ್ಕಟ್ಟಾಯಿತು. ಆ ಮನೆಯಿಂದ ಎಬ್ಬಿಸಿದವನು ತಾನು, ಈ ಕೊಳ ತೋಡಿಸಿದವನೂ ತಾನೇ. ಯಾರ ಪರ ಬಾಯಿ ತೆರೆದರೂ ಇನ್ನೊಬ್ಬರಿಗೆ ಎರಡನೇ ಸಲ ಅನ್ಯಾಯ. "ಒಂದ್ಸಲ ಮನೆ ನೋಡ್ಕೊಂಡು ಬರೋಣ," ಎಂದ ಕೊನೆಗೆ. "ನಿಜವಾಗ್ಲೂ ಬಿದ್ದಿದ್ರೆ ಬಿದ್ದಿದೆ ಅಂತ ಹೇಳ್ತೀನಿ."

ಶನಿವಾರ ಬೆಳಿಗ್ಗೆ ಇಬ್ಬರೂ ಒಸ್ನಿಲ್ದೊನ ಹಳೆಯ ಟ್ರಕ್ಕಿನಲ್ಲಿ ಹೋದರು. ತಿರುವಿನಲ್ಲಿ ಒಸ್ನಿಲ್ದೊ ಗಾಡಿ ನಿಧಾನ ಮಾಡಿದ. ಮನೆಯ ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು.

ಅಂಗಳ ಗುಡಿಸಿತ್ತು. ಬೇಲಿಯ ಮೇಲೆ ಹಾಸಿಗೆ, ದಿಂಬು, ಕಂಬಳಿಗಳನ್ನು ಬಿಸಿಲಿಗೆ ಹಾಕಿತ್ತು. ಜೆನೈದೆ ಏಣಿ ಹತ್ತಿ ಸೂರಿನ ಹೆಂಚು ಸರಿಮಾಡುತ್ತಿದ್ದಳು. ಇವರನ್ನು ಕಂಡು ಇಳಿದು ಬಂದು, ಮುಂಗೈಯಿಂದ ಹಣೆ ಒರೆಸಿಕೊಂಡಳು.

"ಪ್ರತಿ ಶನಿವಾರ ಮೊದಲ್ನೇ ಬಸ್ಸಿಗೆ ಬರ್ತೀನಿ, ಕೊನೇ ಬಸ್ಸಿಗೆ ಹೋಗ್ತೀನಿ," ಎಂದಳು ಇವರು ಕೇಳುವ ಮುಂಚೆಯೇ. "ಬೆಂಕಿ ಕಾಣದ ಮನೆ ಬೇಗ ಸಾಯುತ್ತೆ. ಒಸ್ನಿಲ್ದೊ, ಯಾಕ್ ಬಂದಿದೀಯ ಅಂತ ಗೊತ್ತು. ಈ ಮನೆ ಎಷ್ಟು ನೀರು ತಡ್ಕೊಳುತ್ತೆ ಅಂತ ನೋಡಕ್ಕೆ ತಾನೆ?"

ಒಸ್ನಿಲ್ದೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬನ್ನಿ. ಕಾಫಿ ಕುಡೀರಿ ಮೊದ್ಲು. ಜಗಳ ಆಡೋರೂ ಕಾಫಿ ಕುಡೀತಾರೆ."

ಒಳಗೆ ಎಲ್ಲ ಇದ್ದ ಹಾಗೇ ಇತ್ತು. ಮೇಜಿನ ಮೇಲೆ ಬೇಯಿಸಿದ ಗೆಣಸು, ಗಿಣ್ಣಿನ ತುಂಡು. ಗಣಿಯವರನ್ನು ಕಾಯುವ ಸಂತ ಬಾರ್ಬರಾಳ ಚಿತ್ರದ ಮುಂದೆ ಒಂದು ಹೂವು. ಒಸ್ನಿಲ್ದೊ ಗೋಡೆ ನೋಡಿದ, ಸೂರು ನೋಡಿದ, ಆಮೇಲೆ ಲೋಟದೊಳಕ್ಕೇ ನೋಡುತ್ತ ಕೂತ. ಕಿಟಕಿಯಾಚೆ ಸೀಬೆಮರ. ಅದರ ಕೊಂಬೆಯಲ್ಲಿ ಬಾಗಿಲು ತೆರೆದ ಗೂಡೊಂದು ಇನ್ನೂ ತೂಗುತ್ತಿತ್ತು. ಅದರಲ್ಲಿ ಕಾಳು ಇತ್ತು.

"ಬರ್ತಾವೆ," ಎಂದಳು ಜೆನೈದೆ ವಾಲ್ಮೋರನ ನೋಟ ಹಿಡಿದು. "ಬಿಟ್ಟು ಹೋದವೇ ಬರ್ತಾವೋ ಬೇರೆವೋ, ನಂಗೊತ್ತಾಗಲ್ಲ. ಅವನಿದ್ದಿದ್ರೆ ದನಿ ಕೇಳಿ ಹೇಳ್ತಿದ್ದ."

ವಾಲ್ಮೋರನಿಗೆ ಇನ್ನು ತಡೆಯಲಾಗಲಿಲ್ಲ. "ಜೆನೈದಕ್ಕ, ನಾನು ಅವತ್ತು ಖಚಿತ ಅಂದೆ," ಎಂದ. "ನನ್ನ ಮಾತಿಗೆ ನೀವು ಎದ್ದು ಹೋದ್ರಿ. ಅಕಿಲೆಸಣ್ಣ ಇಲ್ಲೇ ಕಣ್ಣು ಮುಚ್ಚಬಹುದಿತ್ತು."

ಜೆನೈದೆ ಒಲೆಗೆ ಒಂದು ಕಟ್ಟಿಗೆ ತಳ್ಳಿದಳು.

"ಹೌದು, ಮುಚ್ಚಬಹುದಿತ್ತು. ಇಲ್ಲ ಅಂತ ಹೇಳಿ ನಿನ್ನ ಸಮಾಧಾನ ಮಾಡಲ್ಲ ನಾನು. ಎಷ್ಟು ಬೈದಿದೀನಿ ಗೊತ್ತಾ ನಿನ್ನ? ಬೆಳಿಗ್ಗೆ ಎದ್ದು ಜಪಮಾಲೆ ಹಿಡಿದ್ರೆ, ಪ್ರಾರ್ಥನೆ ಮಧ್ಯದಲ್ಲಿ ನಿನ್ನ ಹೆಸರು ಬಂದ್ಬಿಡ್ತಿತ್ತು. ಸಾಕಾಗಿ ಬಿಟ್ಟೆ." ಅವಳು ಎದುರು ಬಂದು ಕೂತಳು. "ಆದ್ರೆ ಅವನು ಒಂದ್ಸಲಾನೂ ಬೈಲಿಲ್ಲ. ನಾನು ಬೈದ್ರೆ ನನ್ನೇ ಗದರಿಸ್ತಿದ್ದ, ಉಸಿರಿಲ್ದಿದ್ರೂ. ಏನ್ ಹೇಳ್ತಿದ್ದ ಗೊತ್ತಾ? ಸುರಂಗದಲ್ಲಿ ಒಬ್ಬ 'ಚಾವಣಿ ಮಾತಾಡ್ತಿದೆ' ಅಂದ್ರೆ ಎಲ್ಲರೂ ಹೊರಗೆ ಬರ್ತೀವಿ. ಚಾವಣಿ ಬೀಳ್ಲಿಲ್ಲ ಅಂದ್ರೆ ಹೇಳಿದವನನ್ನ ಯಾರೂ ಬೈಯಲ್ಲ. ಬೈದ್ರೆ, ಮುಂದಿನ ಸಲ ಕೇಳಿಸಿದ್ರೂ ಅವನು ಬಾಯಿ ಬಿಡಲ್ಲ. ಹಾಗಂತಿದ್ದ."

ವಾಲ್ಮೋರ್ ಮುಖ ಆಚೆ ತಿರುಗಿಸಿದ. ಅವನ ಹೆಗಲು ಅಲುಗುತ್ತಿದ್ದುದನ್ನು ಇಬ್ಬರೂ ಕಂಡರು, ಕಾಣದವರಂತೆ ಕಾಫಿ ಕುಡಿದರು.

"ಇನ್ನು ನಿನ್ನ ವಿಷಯ, ಒಸ್ನಿಲ್ದೊ," ಎಂದಳು ಅವಳು ಲೋಟ ಕೆಳಗಿಟ್ಟು. "ನಾನು ಬೇಡ್ಕೊಳಲ್ಲ. ನಂಗೆ ಇದು ಮನೆ. ನಿಂಗೆ ಅದು ಅನ್ನ. ಸಭೇಲಿ ಏನಾಗುತ್ತೋ ಆಗ್ಲಿ. ಬೇಕಾದ್ರೆ ಗಾಳಿಬಾವಿ ತನಕ ಹೋಗಿ ನೋಡ್ಕೊಂಡ್ ಬಾ."

"ಬೇಡ," ಎಂದ ಒಸ್ನಿಲ್ದೊ. ಎದ್ದು ಅಂಗಳಕ್ಕೆ ಹೋದ. ಏಣಿ ಹತ್ತಿ ಅವಳು ಅರ್ಧಕ್ಕೆ ಬಿಟ್ಟಿದ್ದ ಹೆಂಚುಗಳನ್ನು ಜೋಡಿಸತೊಡಗಿದ. ವಾಲ್ಮೋರ್ ಕೆಳಗಿನಿಂದ ಒಂದೊಂದೇ ಹೆಂಚು ಎತ್ತಿ ಕೊಟ್ಟ. ಹಿಂತಿರುಗುವಾಗ, ಮನೆ ಹತ್ತಿರ ಬಂದ ಮೇಲೆ ಒಸ್ನಿಲ್ದೊ, "ಇರಾಸಿಗೆ ನಾನೇ ಹೇಳ್ತೀನಿ. ನೀನು ಮಧ್ಯೆ ಬರ್ಬೇಡ," ಎಂದ.

ಇರಾಸಿ ಎರಡು ದಿನ ಗಂಡನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಸಭೆಗೆ ಹೊರಟವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು.

ಸಭಾಂಗಣ ತುಂಬಿತ್ತು. ಮಿರಿಯಾಂ ಎರಡೂ ದಾರಿಗಳನ್ನು ವಿವರಿಸಿ, ವಾಲ್ಮೋರನ ಅಭಿಪ್ರಾಯ ಕೇಳಿದಳು. ಅವನು ಎದ್ದು ನಿಂತ.

"ನಾನು ಎರಡು ಸಲ ಖಚಿತ ಅಂದು ಎರಡು ಮನೆ ಕೆಡಿಸಿದೀನಿ," ಎಂದ. "ನೀರು ಇವತ್ತು ಎಲ್ಲಿದೆ ಅಂತ ಹೇಳಬಲ್ಲೆ. ನಾಳೆ ಎಲ್ಲಿರುತ್ತೆ ಅಂದ್ರೆ ಅಂದಾಜು ಹೇಳಬಲ್ಲೆ. ಯಾರ ಜಮೀನು ಅಂತ ನನ್ನ ಕೇಳಬೇಡಿ."

ಹಿಂದಿನಿಂದ ಯಾರೋ "ನೋಹ" ಎಂದು ಗೊಣಗಿದರು. ಈ ಸಲ ಯಾರೂ ನಗಲಿಲ್ಲ.

ಒಸ್ನಿಲ್ದೊ ಕೂತಲ್ಲಿಂದಲೇ ಕೈ ಎತ್ತಿದ. "ನನ್ನ ಕೊಳದಲ್ಲೇ ಬಿಡಿ," ಎಂದ. "ಮೀನು ಹೇಗೂ ಸತ್ತಿವೆ. ಆ ಯಮ್ಮ ಹೆಂಚು ಹೊದಿಸಿ ಆಗಿದೆ." ಹೊದಿಸಿದವನು ತಾನೇ ಎಂದು ಹೇಳಲಿಲ್ಲ. ಜೆನೈದೆ ಮೂರು ಸಾಲು ಮುಂದೆ ಕೂತಿದ್ದಳು. ಹಿಂತಿರುಗಿ ನೋಡಲಿಲ್ಲ, ತಲೆಯ ಮೇಲಿನ ವಸ್ತ್ರವನ್ನು ಮುಖದ ಮೇಲಕ್ಕೆ ಎಳೆದುಕೊಂಡಳು.

ಹಾಗೆ ಆಯಿತು. ಕೊಳ ಇದ್ದ ಜಾಗದಲ್ಲಿ ಸುಣ್ಣಕಲ್ಲು ತುಂಬಿದ ಕಾಲುವೆ ಬಂತು, ಅದರ ಕೆಳಗೆ ಒಂದಾದ ಮೇಲೊಂದು ಹೊಂಡಗಳು, ಕೊನೆಯದರಲ್ಲಿ ಜೌಗಿನಲ್ಲಿ ಬೆಳೆಯುವ ಆಪು ಹುಲ್ಲು. ಕೆಂಪಾಗಿ ಒಳಬಂದ ನೀರು ತೆಳು ಚಹಾದ ಬಣ್ಣಕ್ಕೆ ಇಳಿದು ಹೊಳೆ ಸೇರುತ್ತದೆ. ಕಚೇರಿ ಜಮೀನಿಗೆ ಗುತ್ತಿಗೆ ಕೊಡುತ್ತದೆ, ಕಾಲುವೆ ನೋಡಿಕೊಳ್ಳುವ ಕೆಲಸವನ್ನೂ ಒಸ್ನಿಲ್ದೊಗೇ ಕೊಟ್ಟಿದೆ. ಬಾಳೆ ಅರ್ಧ ಉಳಿದಿದೆ. ಮೊದಲಿನಷ್ಟು ಅನುಕೂಲವಿಲ್ಲ, ಇರಾಸಿ ಪೇಟೆಯ ಬೇಕರಿಗೆ ಕೂಕಾ ಎಂಬ ಸಿಹಿ ರೊಟ್ಟಿ ಮಾಡಿ ಕೊಟ್ಟು ಸಂಸಾರ ಸರಿದೂಗಿಸುತ್ತಾಳೆ. ಜೆನೈದೆ ಮನೆಗೆ ಮರಳಿದಳು. ಅವಳ ಬಾವಿಯ ನೀರನ್ನು ವಾಲ್ಮೋರ್ ತಿಂಗಳಿಗೊಮ್ಮೆ ಪರೀಕ್ಷೆಗೆ ಒಯ್ಯುತ್ತಾನೆ. ಅವಳು ಅವನಿಗೆ ಶಿಮರಾಂವ್ ಕೊಡುತ್ತಾಳೆ, ಕೆಲವು ದಿನ ಮಾತಾಡುತ್ತಾಳೆ, ಕೆಲವು ದಿನ ಇಲ್ಲ. ಮಾತಿಲ್ಲದ ದಿನ ಅವನು ಸುಮ್ಮನೆ ಕುಡಿದು ಬರುತ್ತಾನೆ.

ಕಾಲುವೆಯ ತಳದಲ್ಲಿ ಕಿತ್ತಳೆ ಕೆಸರು ಕೂರುತ್ತದೆ. ತೆಗೆಯದಿದ್ದರೆ ಕಲ್ಲುಗಳ ಸಂದು ಮುಚ್ಚಿಹೋಗುತ್ತದೆ. ಭಾನುವಾರ ಊಟಕ್ಕೆ ಮುಂಚೆ ಭಾವ ಭಾವಮೈದುನ ಇಬ್ಬರೂ ಇಳಿದು ಬಾಚುತ್ತಾರೆ. ಹೋದ ವಾರ ಒಸ್ನಿಲ್ದೊ ಸೊಂಟ ಹಿಡಿದು ನೆಟ್ಟಗಾಗಿ, "ಭಾವ, ಇದು ಯಾವತ್ತಾದ್ರೂ ನಿಲ್ಲುತ್ತಾ?" ಎಂದು ಕೇಳಿದ.

ವಾಲ್ಮೋರ್ ಯೋಚಿಸಿದ. "ಗೊತ್ತಿಲ್ಲ," ಎಂದ. "ನಮ್ಮ ಕಾಲಕ್ಕಂತೂ ನಿಲ್ಲಲ್ಲ ಅನ್ಸುತ್ತೆ. ಮೊಮ್ಮಕ್ಕಳೂ ಬಾಚಬೇಕೇನೋ."

ಒಸ್ನಿಲ್ದೊ ತನ್ನ ಸನಿಕೆಯ ಸವೆದ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ.

"ಹಾಗಿದ್ರೆ ನಾಳೆ ಪೇಟೆಗೆ ಹೋದಾಗ ಒಳ್ಳೇದೊಂದು ತಗೊಂಡ್ ಬಾ," ಎಂದು, ಮತ್ತೆ ಬಗ್ಗಿದ.